ನಮ್ಮ ಮನೆಯ ಹಲ್ಲಿನ ಡಾಕ್ಟರು

ಸ್ವೀಡನ್ನಿನ ಉಪ್ಸಾಲಾದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಲೆಯ ಮೇಲಿದ್ದ ಹೊಗೆ ಎಳೆಯುವ ಫ್ಯಾನಿಗೆ ಎರಡು ಕೆಲಸವಿತ್ತು. ಒಂದು, ಅಮ್ಮ ಒಗ್ಗರಣೆ ಹಾಕುವಾಗ ಇಂಗಿನ ವಾಸನೆ ಮೆಟ್ಟಿಲಿಗೆ ಹರಡದಂತೆ ನೋಡಿಕೊಳ್ಳುವುದು. ಇನ್ನೊಂದು, ಅಪ್ಪ ಅಮ್ಮ ಜಗಳವಾಡುವಾಗ ಅವರ ಮಾತು ನನ್ನ ಕಿವಿಗೆ ಬೀಳದಂತೆ ಮಾಡುವುದು. ಮನೆ ಚಿಕ್ಕದು. ಮೂರನೆಯ ಮಹಡಿ, ಒಂದು ನಡುಮನೆ, ಎರಡು ಕೋಣೆ, ಸೈಕಲ್ ನಿಲ್ಲಿಸುವಷ್ಟು ಅಗಲದ ಬಾಲ್ಕನಿ. ಬಾಗಿಲು ಮುಚ್ಚಿದರೂ ಪಿಸುಮಾತು ದಾಟಿ ಬರುತ್ತಿತ್ತು. ಹಾಗಾಗಿ ಫ್ಯಾನು. ಅದು ಓಡುತ್ತಿದೆ, ಆದರೆ ಒಗ್ಗರಣೆಯ ವಾಸನೆಯಿಲ್ಲ ಎಂದರೆ ಒಳಗೆ ಮೈಸೂರಿನ ವಿಷಯ ನಡೆಯುತ್ತಿದೆ ಎಂದು ನನಗೆ ತಿಳಿದುಹೋಗುತ್ತಿತ್ತು. ಹೋಮ್‌ವರ್ಕ್ ಬಿಟ್ಟು ನಡುಮನೆಯ ಗೋಡೆಗೆ ಚೆಂಡನ್ನು ಮೆಲ್ಲಗೆ ಒದೆಯುತ್ತ ಕೂರುತ್ತಿದ್ದೆ. ಕೆಳಗಿನ ಮನೆಯವರು ದೂರು ಕೊಡುವಷ್ಟು ಜೋರಾಗಿ ಅಲ್ಲ, ಫ್ಯಾನಿನ ಸದ್ದು ನಿಂತದ್ದು ಕೇಳಿಸುವಷ್ಟು ಮೆಲ್ಲಗೆ.

ಮೈಸೂರಿನ ವಿಷಯವೆಂದರೆ ಇಷ್ಟೇ. ಅಪ್ಪ ಸ್ಟಾಕ್‌ಹೋಮಿನ ಒಂದು ಸಾಫ್ಟ್‌ವೇರ್ ಕಂಪನಿಯ ಕೆಲಸಕ್ಕೆಂದು ನಮ್ಮನ್ನು ಕರೆದುಕೊಂಡು ಬಂದಾಗ ನನಗಿನ್ನೂ ಆರು ವರ್ಷ. ಎರಡೇ ವರ್ಷ ಎಂದು ಅಮ್ಮನಿಗೆ ಹೇಳಿದ್ದರು. ಅಮ್ಮ ಮೈಸೂರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದವಳು. ಸರಸ್ವತಿಪುರಂನಲ್ಲಿ ಅವಳಿಗೊಂದು ಕುರ್ಚಿ, ಒಂದು ದೀಪ, ಬಾಗಿಲ ಮೇಲೆ ಡಾ. ವಿದ್ಯಾ ಎಂಬ ಬೋರ್ಡು ಇತ್ತು. ಎರಡು ವರ್ಷಕ್ಕೆಂದು ಬೀಗ ಹಾಕಿ ಬಂದಳು. ಎರಡು ನಾಲ್ಕಾಯಿತು, ನಾಲ್ಕು ಆರಾಯಿತು. ಸ್ವೀಡನ್ನಿನಲ್ಲಿ ಅವಳ ಡಿಗ್ರಿ ಹಾಗೆಯೇ ನಡೆಯುವಂತಿರಲಿಲ್ಲ. ಭಾಷೆ ಕಲಿಯಬೇಕು, ಪರೀಕ್ಷೆ ಕಟ್ಟಬೇಕು, ಮತ್ತೆ ತರಬೇತಿ ಪಡೆಯಬೇಕು. ಹೇಗೂ ವಾಪಸು ಹೋಗುತ್ತೇವಲ್ಲ ಎಂದು ಅವಳು ಅದಕ್ಕೆ ಕೈಹಾಕಲಿಲ್ಲ. ಮನೆಯ ಹತ್ತಿರದ ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಹಗಲು ಬಿಟ್ಟುಹೋಗುವ ಶಾಲೆಯಲ್ಲಿ, ಸಹಾಯಕಿಯಾಗಿ ಸೇರಿಕೊಂಡಳು. ಮಕ್ಕಳಿಗೆ ಚಳಿಯ ಬಟ್ಟೆ ತೊಡಿಸುವುದು, ಬಿಚ್ಚುವುದು, ಮೂಗು ಒರೆಸುವುದು. ಮಕ್ಕಳು ಅವಳನ್ನು ಬಿಟ್ಟಿರುತ್ತಿರಲಿಲ್ಲ. ಮನೆಗೆ ಬಂದು ಅವಳು ಹೇಳುತ್ತಿದ್ದದ್ದು ಮಾತ್ರ ಅವರ ಹಲ್ಲಿನ ಸುದ್ದಿ. ಆ ಕೆಂಚು ಕೂದಲಿನವನಿಗೆ ದವಡೆ ಹಲ್ಲು ಬರ್ತಿದೆ, ಈ ಎಲ್ಸಾ ಬೆರಳು ಚೀಪೋದು ನಿಲ್ಲಿಸದಿದ್ದರೆ ಮುಂದಿನ ಹಲ್ಲು ಉಬ್ಬುತ್ತೆ.

ಅವಳ ಉಪಕರಣಗಳಲ್ಲಿ ಕೆಲವು ನಮ್ಮ ಜೊತೆಗೇ ಬಂದಿದ್ದವು. ಸಣ್ಣ ಕನ್ನಡಿ, ಕೊಕ್ಕೆ, ಇಕ್ಕಳ, ಎಲ್ಲ ಒಂದು ಸ್ಟೀಲಿನ ಡಬ್ಬಿಯಲ್ಲಿ. ಡಬ್ಬಿಯ ಜಾಗ ಅಡುಗೆಕೋಣೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಬಾಟಲಿಗಳ ಪಕ್ಕ. ಭಾನುವಾರ ಎಣ್ಣೆಸ್ನಾನವಾದ ಮೇಲೆ ನನ್ನ ತಲೆಗೆ ಟವೆಲು ಸುತ್ತಿ ಬಾಲ್ಕನಿ ಬಾಗಿಲ ಬೆಳಕಿನಲ್ಲಿ ಕೂರಿಸಿ ಬಾಯಿ ತೆರೆಸುತ್ತಿದ್ದಳು. ನಂತರ ಅಪ್ಪನ ಸರದಿ. ಅಪ್ಪ ಸಾಫ್ಟ್‌ವೇರಿನಲ್ಲಿ ಎಷ್ಟು ದೊಡ್ಡವರಾಗಿದ್ದರೂ ಆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಮಗುವಿನಂತೆ ಕೂರುತ್ತಿದ್ದರು. ಈ ದೇಶದ ಒಂದು ಪದ್ಧತಿ ಮಾತ್ರ ಅಮ್ಮನಿಗೆ ಮೊದಲ ದಿನದಿಂದಲೂ ಹಿಡಿಸಿತ್ತು. ಇಲ್ಲಿನ ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ. ಉಳಿದ ದಿನ ಕೇಳುವಂತಿಲ್ಲ. "ನೋಡಿ, ಹಲ್ಲಿಗೆ ಮರ್ಯಾದೆ ಕೊಡೋ ದೇಶ" ಎಂದು ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ಆ ಮಾತನ್ನು ಹಿಡಿದುಕೊಂಡು, ಹಾಗಾದರೆ ಇಲ್ಲೇ ಇದ್ದುಬಿಡೋಣವಾ ಎಂದು ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ.

ನಾನು ಫುಟ್‌ಬಾಲಿಗೆ ಸೇರಿದ್ದು ಯಾರ ಕನಸಿನಿಂದಲೂ ಅಲ್ಲ. ನಮ್ಮ ಕಟ್ಟಡಗಳ ಹಿಂದೆ ಮೈದಾನವಿತ್ತು, ಶಾಲೆಯ ಹುಡುಗಿಯರೆಲ್ಲ ಸೇರಿದರು, ನಾನೂ ಸೇರಿದೆ. ನನ್ನ ಹೆಸರು ಸಿರಿ. ಅದು ಅಲ್ಲಿಯೂ ಹುಡುಗಿಯರ ಹೆಸರೇ. ತಂಡದಲ್ಲಿ ಆಗಲೇ ಒಬ್ಬಳು ಸಿರಿ ಇದ್ದಳು, ಎತ್ತರದವಳು, ಹೊಂಬಣ್ಣದ ಕೂದಲಿನವಳು. ನಮ್ಮ ಕೋಚ್ ಲೆನಾ ಮೊದಲ ವಾರವೇ ನನ್ನನ್ನು ಎಡದ ಸಿರಿ ಎಂದು ಕರೆದಳು. ಚಿಕ್ಕಂದಿನಲ್ಲಿ ನಾನು ಎಲ್ಲಕ್ಕೂ ಎಡಗೈ ಚಾಚುತ್ತಿದ್ದೆನಂತೆ. ಒಮ್ಮೆ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಅಜ್ಜಿ, ಅಪ್ಪನ ತಾಯಿ, ತಾಳ್ಮೆಯಿಂದ ಕೂತು ಊಟಕ್ಕೂ ಬರವಣಿಗೆಗೂ ಬಲಗೈ ರೂಢಿ ಮಾಡಿಸಿದ್ದರು. ಕಾಲಿನ ಸುದ್ದಿಗೆ ಯಾರೂ ಹೋಗಿರಲಿಲ್ಲ. ನಾನು ತೆಳ್ಳಗೆ, ಗಿಡ್ಡಗೆ ಇದ್ದೆ. ನಡುವೆ ಹಾಕಿದರೆ ತುಳಿದುಹಾಕುತ್ತಾರೆಂದು ಲೆನಾ ನನ್ನನ್ನು ಎಡಬದಿಯ ಗೆರೆಯ ಅಂಚಿಗೆ ಕಳುಹಿಸಿದಳು. ಮುಂದೆ ಇಂಗ್ಲೆಂಡಿನ ಒಂದು ದೊಡ್ಡ ಕ್ಲಬ್ಬಿಗೆ ಅದೇ ಎಡ ಅಂಚಿನಲ್ಲಿ ವರ್ಷಗಟ್ಟಲೆ ಓಡಿದೆ, ಸಾವಿರಾರು ಜನ ನನ್ನ ಹೆಸರು ಕೂಗಿದ್ದು ಕೇಳಿದೆ. ವಿಂಗ್ ಆಟ, ಅಂದರೆ ಈ ಅಂಚಿನ ಆಟ, ಎಂದರೇನೆಂದು ಕೇಳಿದವರಿಗೆಲ್ಲ ನಾನು ಹೇಳಿದ್ದು ಲೆನಾಳ ಮಾತನ್ನೇ:

"ಬೂಟಿಗೆ ಗೆರೆಯ ಸುಣ್ಣ ಹತ್ತಬೇಕು, ಅಷ್ಟು ಹೊರಗೆ ನಿಲ್ಲು. ಚೆಂಡು ಬರಲಿಲ್ಲ ಅಂತ ಒಳಗೆ ಓಡಿಬರಬೇಡ. ಬಂದೇ ಬರುತ್ತೆ."

ಕಾಯುವುದು ನನಗೆ ಕಷ್ಟವಾಗಲಿಲ್ಲ. ಮನೆಯಲ್ಲಿ ಎಲ್ಲರೂ ಒಂದಲ್ಲ ಒಂದಕ್ಕೆ ಕಾಯುತ್ತಲೇ ಇದ್ದೆವು.

ಸ್ವೀಡನ್ನಿನಲ್ಲಿ ಮಗುವನ್ನು ಕ್ಲಬ್ಬಿಗೆ ಸೇರಿಸಿದರೆ ತಂದೆತಾಯಿಯೂ ಸೇರಿದಂತೆಯೇ. ಕಾರಿನಲ್ಲಿ ಮಕ್ಕಳನ್ನು ಕರೆದೊಯ್ಯುವುದು, ಜೆರ್ಸಿ ಒಗೆಯುವುದು, ಪಂದ್ಯದ ದಿನ ಮೈದಾನದ ಪಕ್ಕದ ಗೂಡಂಗಡಿಯಲ್ಲಿ ಕಾಫಿ, ಬನ್ನು ಮಾರುವುದು, ಎಲ್ಲಕ್ಕೂ ಸರದಿಯಿತ್ತು. ಅಮ್ಮನ ಮೊದಲ ಸರದಿ ಬಂದಾಗ ಏಲಕ್ಕಿ ಬನ್ನು ಮಾಡಿ ತರಬೇಕೆಂದು ಹೇಳಿದ್ದರು. ಅಮ್ಮ ಕ್ಯಾರೆಟ್ಟನ್ನು ಉದ್ದಕ್ಕೆ ಕತ್ತರಿಸಿ ಒಂದು ಪಾತ್ರೆ ತುಂಬ ಒಯ್ದಳು. ಒಂದೂ ಹೋಗಲಿಲ್ಲ. ಆ ವಾರವೆಲ್ಲ ಅಪ್ಪನ ಊಟದ ಡಬ್ಬಿಯಲ್ಲಿ ಕ್ಯಾರೆಟ್ಟು. ಮುಂದಿನ ಸರದಿಗೆ ಅವಳು ಬನ್ನನ್ನೇ ಮಾಡಿದಳು, ಆದರೆ ಮೇಲೆ ಉದುರಿಸುವ ಸಕ್ಕರೆ ಬಿಟ್ಟು. ಅವೂ ಹೆಚ್ಚು ಹೋಗಲಿಲ್ಲ. ಕೊನೆಗೆ ಬೇರೆ ತಾಯಂದಿರು ಅವಳನ್ನು ಕಾಫಿಯ ಕೆಲಸಕ್ಕೆ ಹಾಕಿದರು. ಮೈಸೂರಿನವಳ ಕಾಫಿ, ಅದು ಗೆದ್ದಿತು.

ಆ ಕಾಫಿಯ ಸರದಿಯ ಒಂದು ಶನಿವಾರ ನಮ್ಮ ಮನೆಯ ದಿಕ್ಕು ಬದಲಾಯಿತು. ನನಗಾಗ ಹನ್ನೆರಡು. ಬೇಸಿಗೆ ಮುಗಿಯುತ್ತ ಬಂದಿತ್ತು, ಹುಲ್ಲು ಉದ್ದ ಬೆಳೆದಿತ್ತು. ನಾನು ಅಂಚಿನಲ್ಲಿ ಚೆಂಡು ಹಿಡಿದು ಓಡಿ, ಕಾರ್ನರ್ ಬಾವುಟದ ಹತ್ತಿರದಿಂದ ಒಳಗೆ ತೇಲಿಬಿಟ್ಟೆ. ನನ್ನ ಜೊತೆ ಓಡಿಬಂದ ಎದುರಾಳಿಯ ಮೊಣಕೈ ಅದೇ ಗಳಿಗೆಯಲ್ಲಿ ಬಾಯಿಗೆ ಬಡಿಯಿತು. ಬೇಕೆಂದು ಹೊಡೆದದ್ದಲ್ಲ. ನಾನು ಬಿದ್ದೆ, ಎದ್ದೆ, ನಾಲಿಗೆ ಆಡಿಸಿದೆ. ಮೇಲಿನ ಮುಂದಿನ ಹಲ್ಲಿದ್ದ ಜಾಗದಲ್ಲಿ ಬೆಚ್ಚಗೆ ಏನೋ ಒಸರುತ್ತಿತ್ತು, ಹಲ್ಲಿರಲಿಲ್ಲ. ಆಚೆ ನಮ್ಮವರು ಗೋಲಾಯಿತೆಂದು ಕುಣಿಯುತ್ತಿದ್ದರು. ನನ್ನ ಜೆರ್ಸಿಯ ಮೇಲೆ ರಕ್ತ ನೋಡಿ ಒಬ್ಬೊಬ್ಬರೇ ಸುಮ್ಮನಾದರು. ಅಷ್ಟರಲ್ಲಿ ಗೂಡಂಗಡಿಯಿಂದ ಅಮ್ಮ ಓಡಿಬರುತ್ತಿದ್ದಳು, ಕೈಯಲ್ಲಿ ಕಾಫಿಯ ಹಾಲಿನ ಡಬ್ಬ. ಮನೆಯಲ್ಲಿ ಸ್ವೀಡಿಷ್‌ನಲ್ಲಿ ಫೋನು ಬಂದರೆ ನನ್ನ ಕೈಗೆ ಕೊಡುತ್ತಿದ್ದ ಅಮ್ಮ, ಅಂದು ಇಡೀ ಮೈದಾನಕ್ಕೆ ಕೇಳುವಂತೆ ಸ್ವೀಡಿಷ್‌ನಲ್ಲಿ ಕೂಗಿದಳು:

"ಇದ್ದಲ್ಲೇ ನಿಲ್ಲಿ ಎಲ್ಲರೂ! ಒಂದು ಹೆಜ್ಜೆ ಇಡಬೇಡಿ!"

ಎಲ್ಲರೂ ನಿಂತರು. ರೆಫರಿಯೂ ನಿಂತ. ಅಮ್ಮ ಮಂಡಿಯೂರಿ ಹುಲ್ಲಿನಲ್ಲಿ ಕೈಯಾಡಿಸಿದಳು. ಹಲ್ಲು ಸಿಕ್ಕಿತು. ಬೇರನ್ನು ಮುಟ್ಟದೆ ಬೆರಳ ತುದಿಯಲ್ಲಿ ಹಿಡಿದು ಹಾಲು ಸುರಿದು ತೊಳೆದಳು. ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಹಿಂದಕ್ಕೆ ಬಾಗಿಸಿದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ. ನಾನು ಅದುವರೆಗೆ ಕಾಣದಿದ್ದ ಒಬ್ಬಳು ಹೆಂಗಸು ನನ್ನನ್ನು ನೋಡುತ್ತಿದ್ದಳು.

"ಬಾಯಿ ತೆಗಿ ಪುಟ್ಟಿ. ನೋವಾಗತ್ತೆ, ಸುಳ್ಳು ಹೇಳಲ್ಲ. ಆದ್ರೆ ಬೇಗ ಮುಗಿಯತ್ತೆ. ನನ್ನ ಕಣ್ಣೇ ನೋಡು."

ಹಲ್ಲನ್ನು ಅದರ ಗೂಡಿಗೇ ಒತ್ತಿ ಕೂರಿಸಿದಳು. ಕರವಸ್ತ್ರ ಮಡಿಸಿ ಕಚ್ಚಿಕೋ ಎಂದಳು. ಲೆನಾಳ ಕಾರಿನಲ್ಲಿ ತುರ್ತು ದಂತಚಿಕಿತ್ಸೆಯ ಆಸ್ಪತ್ರೆಗೆ ಹೋಗುವವರೆಗೆ ಅವಳ ಬೆರಳು ನನ್ನ ತುಟಿಯ ಮೇಲೆಯೇ ಇತ್ತು. ಅಲ್ಲಿದ್ದ ವಯಸ್ಸಾದ ಡಾಕ್ಟರು ದೀಪ ಹತ್ತಿರಕ್ಕೆಳೆದು ನೋಡಿ, ಪಕ್ಕದ ಹಲ್ಲುಗಳಿಗೆ ತೆಳು ತಂತಿ ಕಟ್ಟಿ ಮುಗಿಸಿದರು. ಇದನ್ನು ಕೂರಿಸಿದ್ದು ಯಾರು ಎಂದು ಕೇಳಿದರು. ನಾನು ಎಂದಳು ಅಮ್ಮ. ತುಂಬ ಚೆನ್ನಾಗಿ ಮಾಡಿದ್ದೀರಿ, ಎಲ್ಲಿ ಕಲಿತಿರಿ ಎಂದರು.

"ನಾನು ಹಲ್ಲಿನ ಡಾಕ್ಟರು," ಅಂದಳು ಅಮ್ಮ.

ಅವಳು ಅದುವರೆಗೆ ಯಾರು ಕೇಳಿದರೂ 'ಊರಲ್ಲಿ ಡಾಕ್ಟರಾಗಿದ್ದೆ' ಎನ್ನುತ್ತಿದ್ದಳು. ಅಂದಿನ ಮಾತಿನಲ್ಲಿ 'ಆಗಿದ್ದೆ' ಇರಲಿಲ್ಲ. ಡಾಕ್ಟರು ತಮ್ಮ ಕೈಗವಸು ತೆಗೆದು ಅವಳ ಕೈ ಕುಲುಕಿ, ಇಲ್ಲಿನ ಪರವಾನಗಿ ಪಡೆಯುವ ದಾರಿಯನ್ನು ನಿಂತುಕೊಂಡೇ ವಿವರಿಸಿದರು.  

ಮರುದಿನ ಅಡುಗೆಕೋಣೆಯ ಫ್ಯಾನು ಓಡಿತು. ಆದರೆ ಈ ಸಲದ ಜಗಳ ತಲೆಕೆಳಗಾಗಿತ್ತು. ಧ್ವನಿಗಳು ಏರಿ ಫ್ಯಾನನ್ನೂ ಮೀರಿದವು.

"ಆರು ವರ್ಷದಿಂದ ಊರಿಗೆ ಹೋಗೋಣ ಅಂತಿದ್ದೋಳು ನೀನು. ಈಗ ಇಲ್ಲಿ ಓದ್ತೀನಿ ಅಂದ್ರೆ ನಾನೇನ್ ಅಂದ್ಕೊಳ್ಳಲಿ?"

"ಊರಿಗೆ ಹೋಗೋದು ಬಿಟ್ಟಿಲ್ಲ ರೀ. ಹೋಗೋ ತನಕ ನಾನು ಯಾರಾಗಿರ್ಬೇಕು ಅಂತ ಕೇಳ್ತಿದೀನಿ."

ಫ್ಯಾನು ನಿಂತಿತು.  ಆಮೇಲೆ ಅಪ್ಪನ ಧ್ವನಿ, ಮೆತ್ತಗೆ:

"ಓದು. ಮುಗಿಸು. ಮುಗಿಸಿದ ದಿನ ನೀನು ಹೇಳಿದ ಹಾಗೆ. ಹೋಗೋಣ ಅಂದ್ರೆ ಹೋಗೋಣ. ಈ ಸಲ ಮಾತು ಅಂದ್ರೆ ಮಾತು."

ಆಮೇಲಿನ ಚಳಿಗಾಲಗಳು ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು. ದಾಗಿಸ್‌ನಿಂದ ಬಂದ ಅಮ್ಮ, ಪ್ರಾಕ್ಟೀಸ್ ಮುಗಿಸಿ ಬಂದ ನಾನು, ಅಡುಗೆಕೋಣೆಯ ಮೇಜಿನ ಎರಡು ಬದಿಗೆ ಕೂರುತ್ತಿದ್ದೆವು. ಹೊರಗೆ ಮಧ್ಯಾಹ್ನವೇ ಕತ್ತಲು. ನಾನು ರೋಗಿ, ಅವಳು ಡಾಕ್ಟರು. ಸ್ವೀಡಿಷ್‌ನಲ್ಲೇ ಮಾತಾಡಬೇಕು. ಒಂದು ದಿನ ನಾನು ಕಟ್ಟಿಸಿಕೊಂಡ ಹಲ್ಲುಸೆಟ್ಟು ಕಳೆದುಕೊಂಡ ತೊಂಬತ್ತರ ಮುದುಕಿ, ಇನ್ನೊಂದು ದಿನ ಸೂಜಿಗೆ ಹೆದರಿ ಬೈಯುವ ಬಡಗಿ. ಬೇಕೆಂದೇ ಆ ದೇಶದ ಉತ್ತರದವರಂತೆ ಮಾತು ನುಂಗಿ ಗೊಣಗುತ್ತಿದ್ದೆ. ಅಮ್ಮ ಸಿಟ್ಟಾಗಿ ಕನ್ನಡಕ್ಕೆ ತಿರುಗಿದರೆ ನಾನು ಸ್ವೀಡಿಷ್‌ನಲ್ಲೇ, ಡಾಕ್ಟರೇ ಅರ್ಥವಾಗಲಿಲ್ಲ, ಎನ್ನುತ್ತಿದ್ದೆ. ಮಧ್ಯೆ ಸಾರು ಕುದಿಯುತ್ತಿತ್ತು. ಯುಗಾದಿಯ ದಿನ ಬೇವು ಸಿಗದೆ ಅವಳು ಬೆಲ್ಲಕ್ಕೆ ಹುರಿದ ಮೆಂತ್ಯ ಬೆರೆಸುತ್ತಿದ್ದಳು. ಆ ಕಹಿಯನ್ನು ಅಗಿಯುತ್ತ ನಾನು ವಸಡಿನ ಊತಕ್ಕೆ ಸ್ವೀಡಿಷ್‌ನಲ್ಲಿ ಏನೆನ್ನುತ್ತಾರೆಂದು ಕೇಳಿದ್ದು, ಅವಳು ತಕ್ಷಣ ಹೇಳಿದ್ದು, ಅಪ್ಪ ಚಪ್ಪಾಳೆ ತಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಪರೀಕ್ಷೆಗಳಾದ ಮೇಲೆ ತರಬೇತಿಗೆ ಅವಳಿಗೆ ಸಿಕ್ಕಿದ್ದು ದೂರದ ಉತ್ತರದ ಊರು ಉಮೆಯೊ. ರೈಲಿನಲ್ಲಿ ಇಡೀ ರಾತ್ರಿಯ ಪ್ರಯಾಣ. ತಿಂಗಳಿಗೊಮ್ಮೆ ಬರುತ್ತಿದ್ದಳು. ಮನೆ ಅಪ್ಪನ ಕೈಗೆ ಬಂತು. ಅಪ್ಪನಿಗೆ ಗೊತ್ತಿದ್ದದ್ದು ಉಪ್ಪಿಟ್ಟು, ಚಿತ್ರಾನ್ನ, ಟೊಮೆಟೊ ಸಾರು. ಮೂರಕ್ಕೂ ಉಪ್ಪು ಹೆಚ್ಚು. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಕೆಸರಿನ ಜೆರ್ಸಿಯ ಜೊತೆ ತಮ್ಮ ಆಫೀಸಿನ ಬಿಳಿ ಶರಟುಗಳನ್ನೂ ಹಾಕಿ, ಒಂದು ವರ್ಷವೆಲ್ಲ ಮಣ್ಣುಬಣ್ಣದ ಶರಟಿನಲ್ಲಿ ಸ್ಟಾಕ್‌ಹೋಮಿಗೆ ಓಡಾಡಿದರು. ಪಂದ್ಯಗಳಿಗೆ ಕರೆದುಕೊಂಡು ಹೋಗಲು ಬೇರೆ ಯಾರೂ ಇಲ್ಲದೆ ತಾವೇ ಬಂದರು. ಆಫ್‌ಸೈಡ್ ಎಂದರೇನೆಂದು ಅವರಿಗೆ ಕೊನೆಯವರೆಗೂ ಪೂರ್ತಿ ಅರ್ಥವಾಗಲಿಲ್ಲ. ಆದರೆ ನಾನು ಆಡುವ ಬದಿಯ ಗೆರೆಗುಂಟ ನನ್ನ ಜೊತೆಗೇ ಓಡಾಡುತ್ತ ಕನ್ನಡದಲ್ಲಿ ಕೂಗುತ್ತಿದ್ದರು:

"ಸಿರಿ, ಹಿಂದೆ ಬರ್ತಿದಾಳೆ! ಸಿರಿ, ದಪ್ಪಗಿರೋಳಿಗೆ ಸುಸ್ತಾಗಿದೆ, ಅವಳ ಕಡೆಯಿಂದ ಹೋಗು!"

ಎದುರಾಳಿಗಳಿಗೆ ಅರ್ಥವಾಗದ ಕೋಚಿಂಗು. ಮೊದಮೊದಲು ಅವರು ಹೇಳಿದ್ದೆಲ್ಲ ತಪ್ಪಾಗುತ್ತಿತ್ತು. ನಿಧಾನವಾಗಿ, ಯಾರು ಸುಸ್ತಾಗಿದ್ದಾರೆ, ಯಾರು ಹೆದರಿದ್ದಾರೆ ಎಂಬುದನ್ನು ಅಪ್ಪ ಓದಲು ಕಲಿತರು. ಮನೆಗೆ ಬಂದು ಉಪ್ಪುಪ್ಪಾದ ಸಾರು ಉಣ್ಣುತ್ತ ಇಬ್ಬರೂ ಪಂದ್ಯವನ್ನು ಇನ್ನೊಮ್ಮೆ ಆಡುತ್ತಿದ್ದೆವು, ಹುಣಸೆಹಣ್ಣಿನ ಡಬ್ಬಿ ಗೋಲ್‌ಕೀಪರು, ಚಮಚ ನಾನು.

ಎಲ್ಲವೂ ಹೀಗೇ ಹಗುರವಾಗಿರಲಿಲ್ಲ. ಜಿಲ್ಲಾ ತಂಡದ ಆಯ್ಕೆಯ ದಿನ ಬರುತ್ತೇನೆಂದಿದ್ದ ಅಮ್ಮನಿಗೆ ಬರಲಾಗಲಿಲ್ಲ, ಅವಳ ತರಬೇತಿಯಲ್ಲಿ ಅಂದೇ ಏನೋ ಬಿತ್ತು. ನಾನು ಆಯ್ಕೆಯಾದೆ, ಫೋನಿನಲ್ಲಿ ಮಾತ್ರ ಅವಳೊಂದಿಗೆ ಮಾತಾಡಲಿಲ್ಲ. ಅಪ್ಪ ರಿಸೀವರು ಹಿಡಿದು, "ತಗೋ ಪುಟ್ಟಿ, ಪಾಪ" ಎನ್ನುತ್ತ ನಿಂತಿರುತ್ತಿದ್ದರು. ಒಂದು ವಾರ ಕಳೆದ ಮೇಲೆ ಅಮ್ಮ ಅವರ ಕೈಯಲ್ಲಿ ಹೇಳಿ ಕಳುಹಿಸಿದಳು, ಅವಳು ಮಾತಾಡದಿದ್ರೆ ಬೇಡ, ನಾನು ಹೇಳ್ತೀನಿ, ಕೇಳಿಸ್ಕೊಂಡ್ರೆ ಸಾಕು. ನಾನು ರಿಸೀವರು ಕಿವಿಗಿಟ್ಟುಕೊಂಡೆ. ಅಂದು ಬೆಳಿಗ್ಗೆ ತಾನು ಒಬ್ಬ ಮುದುಕನ ಬುದ್ಧಿಹಲ್ಲು ಕಿತ್ತ ಕಥೆಯನ್ನು ಅಮ್ಮ ಶುರುವಿನಿಂದ ಕೊನೆಯವರೆಗೆ ಹೇಳಿದಳು. ಅವಳ ಧ್ವನಿ ನಾನು ಗೋಲು ಹೊಡೆದ ದಿನದ ನನ್ನ ಧ್ವನಿಯಂತೆಯೇ ಏರಿಳಿಯುತ್ತಿತ್ತು. ಕೊನೆಯಲ್ಲಿ, ಆಮೇಲೇನಾಯ್ತು ಎಂದು ನಾನೇ ಕೇಳಿಬಿಟ್ಟೆ.

ಅವಳು ಪರವಾನಗಿ ಪಡೆದು ಮನೆಗೆ ಬಂದ ವಸಂತದಲ್ಲಿ ನನಗೆ ಹದಿನೈದು ತುಂಬಿತ್ತು. ಅದೇ ತಿಂಗಳು ಲೆನಾ ನಮ್ಮ ಮನೆಗೆ ಬಂದು, ಫಿಕಾಗೆ, ಅಂದರೆ ಕಾಫಿ ಕುಡಿಯುವ ಬಿಡುವಿಗೆ, ಕೂತು, ಸಕ್ಕರೆಯಿಲ್ಲದ ಬನ್ನು ತಿನ್ನುತ್ತ ಹೇಳಿಹೋಗಿದ್ದಳು: ಹುಡುಗಿಗೆ ಫುಟ್‌ಬಾಲ್ ಕಲಿಸುವ ಹೈಸ್ಕೂಲಿನಲ್ಲಿ ಜಾಗವಿದೆ, ದೊಡ್ಡವರ ತಂಡವೂ ಕೇಳುತ್ತಿದೆ, ಇವಳು ದೂರ ಹೋಗುತ್ತಾಳೆ. ಅಪ್ಪ ಅಮ್ಮ ಇಬ್ಬರೂ ಸಂತೋಷಪಟ್ಟರು. ಆದರೆ ಅಪ್ಪ ಕೊಟ್ಟ ಮಾತು ನಮ್ಮ ಮೂವರಿಗೂ ನೆನಪಿತ್ತು. ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಅಪ್ಪ ಅದನ್ನು ಎತ್ತಿದರು. ಬಿಸಿಬೇಳೆಭಾತು ಮಾಡಿದ್ದಳು ಅಮ್ಮ, ಬಹಳ ದಿನಗಳ ಮೇಲೆ ಹದವಾದ ಉಪ್ಪು.

"ಬೆಂಗಳೂರು ಆಫೀಸಲ್ಲಿ ಕೇಳಿದೀನಿ ವಿದ್ಯಾ. ಜಾಗ ಇದೆಯಂತೆ. ಮೈಸೂರಿಂದ ಓಡಾಡ್ಬಹುದು. ನಿನ್ನ ಮಾತು ಈಗ. ಹೇಳು."

ನಾನು ತಟ್ಟೆ ನೋಡುತ್ತಿದ್ದೆ. ಅಮ್ಮ ಹೋಗೋಣ ಎಂದರೆ ಹೋಗುವುದೇ, ಅಪ್ಪ ಈ ಸಲ ತಪ್ಪುವವರಲ್ಲ. ಆದರೆ ನಾನು ಹೆದರಿದ್ದದ್ದು ಇನ್ನೊಂದು ಮಾತಿಗೂ. ಸಿರಿಗೋಸ್ಕರ ಇಲ್ಲೇ ಇರೋಣ ಎಂದು ಅವಳು ಹೇಳಿಬಿಟ್ಟರೆ? ವರ್ಷಗಟ್ಟಲೆ ದಾಗಿಸ್‌ನಲ್ಲಿ ಮೂಗು ಒರೆಸಿದವಳು, ಬೀಗ ಹಾಕಿದ ಬಾಗಿಲನ್ನು ದಿನವೂ ನೆನೆದವಳು, ಅದನ್ನೂ ನನ್ನ ಕಾಲಿಗೆ ಕಟ್ಟಿಬಿಟ್ಟರೆ ನಾನು ಓಡುವುದು ಹೇಗೆ? ಅವಳು ಬಾಯಿ ತೆರೆಯುವ ಮೊದಲೇ ನಾನು ಅಂದೆ:

"ನನಗೋಸ್ಕರ ಅಂತ ಇರ್ಬೇಡ ಅಮ್ಮ. ಪ್ಲೀಸ್. ನಾನು ಅಲ್ಲೂ ಆಡ್ತೀನಿ."

ಅಮ್ಮ ಚಮಚ ಕೆಳಗಿಟ್ಟು ನನ್ನನ್ನು ನೋಡಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನಿನಗೋಸ್ಕರ ಯಾರೇ ಇರ್ತಿದಾರೆ? ಸೋಮವಾರದಿಂದ ನನಗೆ ಇಲ್ಲಿನ ಕ್ಲಿನಿಕ್ಕಲ್ಲಿ ಕೆಲಸ. ಎಂಟೂವರೆಗೆ ಮೊದಲನೇ ಪೇಶೆಂಟು. ನಿಮ್ಮಿಬ್ಬರಿಗೂ ಊಟ ಆದ್ಮೇಲೆ ಹೇಳೋಣ ಅಂತಿದ್ದೆ."

ಆಮೇಲೆ ಅಪ್ಪನ ಕಡೆ ತಿರುಗಿ, "ನಿಮಗೆ ಹೋಗ್ಬೇಕು ಅಂತಿದ್ರೆ ಹೇಳಿ, ಕೂತು ಮಾತಾಡೋಣ" ಎಂದಳು. ಅಪ್ಪ ಅವಳನ್ನೇ ನೋಡುತ್ತಿದ್ದರು. ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಂದು ಸೌಟು ಹಾಕು ಎಂದರು.

ಇಂಗ್ಲೆಂಡಿನಲ್ಲಿ ಸಂದರ್ಶನಕ್ಕೆ ಬಂದವರೆಲ್ಲ, ನಿಮ್ಮ ಆಟಕ್ಕಾಗಿ ಮನೆಯವರು ಏನೇನು ತ್ಯಾಗ ಮಾಡಿದರು ಎಂದು ಕೇಳುತ್ತಿದ್ದರು. ಜೊತೆಯ ಆಟಗಾರ್ತಿಯರ ಬಳಿ ಅಂಥ ಕಥೆಗಳಿದ್ದವು, ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ನನ್ನ ಬಳಿ ಇರಲಿಲ್ಲ. ಹತ್ತೊಂಬತ್ತಕ್ಕೆ ಅಲ್ಲಿಗೆ ಹೋದೆ. ಒಳ್ಳೆಯ ವರ್ಷಗಳಿದ್ದವು, ಟ್ರೋಫಿ ಎತ್ತಿಹಿಡಿದ ಸಂಜೆಗಳಿದ್ದವು, ಬೆಂಚಿನಲ್ಲಿ ಕೋಟು ಹೊದ್ದು ಕೂತ ಇಡೀ ಒಂದು ಋತುವಿತ್ತು. ಆ ಋತುವಿನಲ್ಲಿ ಮನೆಗೆ ಫೋನು ಮಾಡಿದರೆ ಅಪ್ಪ, ಎದುರಾಳಿ ತಂಡದ ಬಲಗಡೆಯವಳಿಗೆ ಸುಸ್ತಾಗಿತ್ತು, ನಿನ್ನನ್ನು ಇಳಿಸಬೇಕಿತ್ತು ಎಂದು ಕೋಚನ್ನು ಬೈಯುತ್ತಿದ್ದರು. ಅಮ್ಮ ಒಂದು ನಿಮಿಷ ಕೇಳಿಸಿಕೊಂಡು ತನ್ನ ಪೇಶೆಂಟುಗಳ ಸುದ್ದಿಗೆ ಹೋಗುತ್ತಿದ್ದಳು. ನಾನು ಹಾಸಿಗೆಯ ಮೇಲೆ ಕಾಲು ಚಾಚಿ ಯಾರದೋ ದವಡೆಯ ಕಥೆ ಕೇಳುತ್ತಿದ್ದೆ. ಎದೆಯ ಮೇಲಿನದೇನೋ ಇಳಿಯುತ್ತಿತ್ತು.

ಮಂಡಿಗೆ ಮೂರನೆಯ ಸಲ ಶಸ್ತ್ರಚಿಕಿತ್ಸೆಯಾದ ಮೇಲೆ ಇನ್ನು ಆಡುವಂತಿಲ್ಲವೆಂದು ಹೇಳಿದರು. ಆಸ್ಪತ್ರೆಯ ಕಾರಿಡಾರಿನಿಂದಲೇ ಅಮ್ಮನಿಗೆ ಫೋನು ಮಾಡಿದೆ. ಕೆಲಸದ ಹೊತ್ತು, ಎತ್ತುವುದಿಲ್ಲ ಎಂದುಕೊಂಡಿದ್ದೆ. ಎತ್ತಿದಳು.

"ಮುಗೀತು ಅಮ್ಮ. ಇನ್ನು ಆಡಲ್ಲ."

"ನಿನಗೆ ಸಾಕಾಯ್ತಾ?"

"ಕಾಲಿಗೆ ಸಾಕಾಯ್ತು. ನನಗಿನ್ನೂ ಇಲ್ಲ."

ಅವಳು ಪಕ್ಕದಲ್ಲಿದ್ದ ಯಾರಿಗೋ ಸ್ವೀಡಿಷ್‌ನಲ್ಲಿ, ಸ್ವಲ್ಪ ಕಾಯಲು ಹೇಳಿ, ಎಂದದ್ದು ಕೇಳಿಸಿತು. ಬಾಗಿಲು ಮುಚ್ಚಿದ ಸದ್ದಾಯಿತು.

"ಅಳು ಪುಟ್ಟಿ. ನಾನು ಲೈನಲ್ಲೇ ಇರ್ತೀನಿ."

ಅತ್ತುಬಿಟ್ಟೆ. ಅವಳು ಸಮಾಧಾನದ ಮಾತು ಹೇಳಲಿಲ್ಲ, ಫೋನನ್ನೂ ಇಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ನನ್ನ ಬಿಕ್ಕು ತಾನಾಗಿ ನಿಂತ ಮೇಲೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ಕೇಳಿದಳು:

"ಸಿರಿ, ಇಲ್ಲೊಬ್ಬರು ಅರ್ಧ ಹಲ್ಲು ಕೊರೆಸ್ಕೊಂಡು ಬಾಯಿ ತೆಕ್ಕೊಂಡೇ ಕೂತಿದಾರೆ. ಹೋಗ್ಲಾ?"

ಕಾರಿಡಾರಿನಲ್ಲಿ ಊರುಗೋಲು ಹಿಡಿದು ನಿಂತಿದ್ದವಳಿಗೆ ನಗು ಬಂತು. ಹೋಗಮ್ಮ, ಹೋಗು, ಅಂದೆ.